ಅಮ್ಮ ಇಣುಕಿದ ಸಂದರ್ಶನ

ಅಪ್ಪಾ,

ಬಿಸಿನೆಸ್ ಓದುತ್ತಿರುವ ನನ್ನನ್ನು ಒಂದು ಸೆಮಿಸ್ಟರ್ ವಿದೇಶಕ್ಕೆ ಕಳಿಸಬಹುದೇ ಎಂದು ತೀರ್ಮಾನಿಸಲು ಇವತ್ತು ವಿಡಿಯೊ ಸಂದರ್ಶನವಿತ್ತು. "ಸಾಹಿತ್ಯ ಓದಿದವರು ಬಿಸಿನೆಸ್ ಕಡೆಗೇಕೆ ಬಂದಿರಿ?" ಎಂದು ಅಲ್ಲಿನ ಪ್ರೊಫೆಸರ್ ಕೇಳಿದರು. ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ. ಡಾಕ್ಟರ ಮುಂದೆ ನನ್ನ ಹೊಟ್ಟೆನೋವನ್ನೂ ನೀನೇ ವಿವರಿಸುತ್ತಿದ್ದೆಯಲ್ಲ, ನೀನು ಹೋದ ಮೇಲೆ ಆ ಕೆಲಸ ಅಮ್ಮನದು. ಬಾಗಿಲ ಸಂದಿಯಿಂದ ಇಣುಕಿ, "ಚಿಕ್ಕಂದಿನಿಂದ್ಲೂ ಆಸೆ ಅಂತ ಹೇಳೇ," ಎಂದಳು.

"ಯಾರದು?" ಎಂದರು ಪ್ರೊಫೆಸರ್.

"ನಮ್ಮ ಮನೆಯ ಮಾರ್ಕೆಟಿಂಗ್ ವಿಭಾಗ," ಎಂದುಬಿಟ್ಟೆ. ಅವರು ಜೋರಾಗಿ ನಕ್ಕರು. ಆಮೇಲೆ ಧೈರ್ಯ ಬಂತು. "ಜನ ಬಾಯಿಬಿಟ್ಟು ಕೇಳದೇ ಇರೋದನ್ನ ಕಥೆಗಳಲ್ಲಿ ಹುಡುಕ್ತಿದ್ದೆ. ಇಲ್ಲೂ ಅದೇ ಕೆಲಸ," ಎಂದೆ.

ಸಂಜೆಯೇ ಆಯ್ಕೆಯಾದ ಸುದ್ದಿ ಬಂತು.

"ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದೆ? ನಿಮ್ಮಪ್ಪನ ಹತ್ರ ಒಂದು ದಿನಾನಾದ್ರೂ..." ಎಂದ ಅಮ್ಮ ನನ್ನ ಕೈಗೂ ಒಂದು ಬಟ್ಟೆ ಕೊಟ್ಟಳು. ಇಬ್ಬರೂ ಎದುರುಬದುರು ಕುಳಿತು, ಅಟ್ಟದಿಂದ ಇಳಿಸಿದ್ದ ಸೂಟ್‌ಕೇಸಿನ ಧೂಳು ಒರೆಸಿದೆವು.