ನಿಮ್ಮ ಅರ್ಥಿಂಗ್ ಗುಂಡಿಯನ್ನು ಅಗೆಸಿದವನು ನಾನೇ

ಜಿನಪ್ಪ ಕಾಕಾ ಅವರಿಗೆ,

ನಿಮ್ಮ ಕೈಕೆಳಗೆ ವಾಯರ್ ಸುಲಿಯಲು ಕಲಿತ ಬಾಳಪ್ಪನ ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ಈಗ ನೀವಿರುವಲ್ಲಿ ಶಾಕ್ ಹೊಡೆಯುವ ಭಯವಂತೂ ಇರಲಾರದು. ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಚಲಕರಂಜಿಯ ಸಾವಕಾರರ ಮಗ್ಗದ ಕಾರ್ಖಾನೆಯಲ್ಲಿ ಸರ್ವರ್ ಕೋಣೆ ಕಟ್ಟಿದ್ದು ನೆನಪಿದೆಯೇ? ಕರೆಂಟು ನೆಲಕ್ಕಿಳಿಯಲೆಂದು ಅಂಗಳದಲ್ಲಿ ಅರ್ಥಿಂಗ್ ಗುಂಡಿ ತೋಡಿಸಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದ್ದು ನೀವು. ಆ ದಿನ ನಾನು ತಂಗಿಗೆ ಗಂಡು ನೋಡಲು ಗಡಹಿಂಗ್ಲಜಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಗುಂಡಿ ಮುಚ್ಚಿತ್ತು. "ತಗಡ ಎಷ್ಟ ದಪ್ಪ ಹಾಕಿದ್ರಿ ಕಾಕಾ?" ಎಂದು ಕೇಳಿದೆ. "ಹಾಕಬೇಕಾದಷ್ಟು ಹಾಕೇನಿ," ಎಂದು ನೀವು ತಂಬಾಕಿನ ಚೀಲ ಬಿಚ್ಚಿದಿರಿ. ಅದು ಉತ್ತರವೋ, ಉತ್ತರ ತಪ್ಪಿಸುವ ಬಗೆಯೋ? ಆಗಲೇ ನನ್ನೊಳಗೆ ಸಂಶಯದ ಹುಳ ಹೊಕ್ಕಿತು.

ನೀವು ತೀರಿಹೋಗಿ ಎರಡು ಮಳೆಗಾಲ ಕಳೆದವು. ಈ ಚಳಿಗಾಲದಲ್ಲಿ ಸರ್ವರ್ ತಾನಾಗಿಯೇ ನಿಂತು ತಾನಾಗಿಯೇ ಏಳತೊಡಗಿತು. ಕಪಾಟಿನ ಬಾಗಿಲು ಮುಟ್ಟಿದರೆ ಚಟ್ ಎಂದು ಕಿಡಿ. ಅದು ನಿಂತಾಗಲೆಲ್ಲ ಆರ್ಡರು, ನೂಲಿನ ಸ್ಟಾಕು ಎಲ್ಲವೂ ಅರ್ಧ ದಿನ ಕುರುಡು. ನನ್ನ ಸಂಶಯ ಮೊದಲು ಹೋದದ್ದು ಕಸ ಗುಡಿಸುವ ಶಾಂತಾಬಾಯಿಯ ಮೇಲೆ. "ಪಿನ್ ಏನರ ಕೀಳತೀರೇನ?" ಎಂದೆ. "ಹೌದ್ರಿ, ಮನ್ಯಾಗ ನನಗೇನೂ ಕೆಲಸಿಲ್ಲ, ನಿಮ್ಮ ವಾಯರ್ ಕೀಳಾಕಂತನ ಬರತೇನಿ," ಎಂದು ಅವಳು ಕಸಬರಿಗೆಯನ್ನು ನನ್ನ ಕಾಲ ಬಳಿಯೇ ಕುಟ್ಟಿದಳು. ಆಮೇಲೆ ಕಂಪ್ಯೂಟರ್ ನೋಡಿಕೊಳ್ಳುವ ಕೊಲ್ಹಾಪುರದ ಮೋಹಿತೆಯ ಮೇಲೆ ಸಂಶಯ ಬಂತು. ಹೊಸ ಮಷೀನು ಬೇಕಾದವನು ಹಳೆಯದನ್ನು ಕೆಡಿಸದೆ ಇರುತ್ತಾನೆಯೇ?

ಒಂದು ಮಧ್ಯಾಹ್ನ ಮೋಹಿತೆ ಸರ್ವರ್ ಕೋಣೆಯೊಳಗೆ, ಗಾಜಿನ ಬಾಗಿಲಿನ ಆಚೆ ನಿಂತು ಸಾವಕಾರರಿಗೆ ಏನೋ ಹೇಳುತ್ತಿದ್ದ. ಒಳಗೆ ಫ್ಯಾನುಗಳ ಗದ್ದಲ, ಒಂದು ಮಾತೂ ಕೇಳದು. ಆದರೆ ಮಗ್ಗದ ಸದ್ದಿನಲ್ಲಿ ಬೆಳೆದ ನಮಗೆ ಮಾತು ಕೇಳಲು ಕಿವಿ ಬೇಕೇ? ತುಟಿ ನೋಡಿದರೆ ಸಾಕು. "ಮ್ಹಾತಾರ್ಯಾನ ತಾಂಬ ಖಾಲ್ಲ," ಎಂದ. ಮುದುಕ ತಾಮ್ರ ತಿಂದಿದ್ದಾನೆ, ತೆಳು ತಗಡು ಹಾಕಿ ದುಡ್ಡು ಹೊಡೆದಿದ್ದಾನೆ ಎಂದು, ನಿಮ್ಮನ್ನು.

ಹೊರಗೆ ಬಂದ ಸಾವಕಾರರು ಹೇಳಿದರು: "ಆ ಮನಷ್ಯಾ ಹೋಗ್ಯಾನ, ಈಗ ಯಾರನ್ನ ಕೇಳೂದು? ಬ್ಯಾರೆ ಮಂದಿ ಕರಸಿ ಅವನ ಕೆಲಸ ಎಲ್ಲಾ ಕಿತ್ತ ಹಾಕಸೂಣು." ಇಲ್ಲಿ ಕಿತ್ತರೆ ಊರಿನ ಪ್ರತಿ ಮಗ್ಗದ ಶೆಡ್ಡಿನಲ್ಲೂ ನಿಮ್ಮ ಹೆಸರು ಕಿತ್ತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕಾಕಾ ಅಂಥವರಲ್ಲ ಎಂದು ಆ ಕ್ಷಣವೇ ಬಾಯಿ ಬಿಡಬೇಕಿತ್ತು. ನಾನು... "ಮದಲ ಅಗದ ನೋಡೂಣ್ರಿ," ಎಂದೆ. ನಿಮ್ಮ ಮಾನ ಉಳಿಸಲು ಹಾಗೆಂದೆ ಎಂದು ಎಲ್ಲರೂ ತಿಳಿದರು. ನಿಜ ಹೇಳಲೇ? ನನಗೂ ನೋಡಬೇಕಿತ್ತು.

ಗುಂಡಿ ಅಗೆದಾಗ ನಾನೇ ಇಳಿದು ಕೈಯಿಂದ ಮಣ್ಣು ಸರಿಸಿದೆ. ತಗಡು ಸಿಕ್ಕಿತು. ನಾನು ಊಹಿಸಿದ್ದಕ್ಕಿಂತ ದಪ್ಪ, ಬೋಲ್ಟು ಒಂದೂ ಸಡಿಲಿಲ್ಲ. ಮೀಟರ್ ಹಚ್ಚಿದರೆ ಮುಳ್ಳು ಎಲ್ಲಿರಬೇಕೋ ಅಲ್ಲೇ. ಮೋಹಿತೆ ಮೊಬೈಲ್ ನೋಡತೊಡಗಿದ. ನಾನು ತಗಡಿನ ಮೇಲೆ ಇದ್ದಿಲನ್ನು ಕೈಯಿಂದಲೇ ಎಳೆದು ಮುಚ್ಚಿ ಮೇಲೆ ಬಂದೆ.

"ಹಂಗಾರ ಕಿಡಿ ಎಲ್ಲಿಂದ ಬರತದ?" ಎಂದು ಸಾವಕಾರರು ಕೇಳುವಾಗ ಶಾಂತಾಬಾಯಿ ಬಾಗಿಲಲ್ಲೇ ನಿಂತಿದ್ದಳು. "ನನ್ನ ಯಾರೂ ಕೇಳಲಿಲ್ರಿ. ಆ ಜಮಖಾನಿ ಹಾಸಿದ ಮ್ಯಾಲ ಶುರು ಆಗೇದ," ಎಂದಳು.

ದೀಪಾವಳಿಯ ಮುಂಚೆ ಹಾಸಿದ ನೈಲಾನ್ ಜಮಖಾನ ಅದು. ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯ ಕ್ಲರ್ಕುಗಳಿಗೆ ತಲೆನೋವು. ನಮ್ಮ ಊರಲ್ಲಿ ಬಿಸಿಲಿಗೆ ಬಟ್ಟೆ, ಧೂಳಿಗೆ ಬಟ್ಟೆ. ಸದ್ದಿಗೂ ಬಟ್ಟೆಯೇ ಸಾಕೆಂದು ಗೋಡೆಗೆ ಸಾವಕಾರರದೇ ಮಗ್ಗದ ಪಾಲಿಸ್ಟರ್ ಬಟ್ಟೆ ಹೊಡೆದು, ನೆಲಕ್ಕೆ ಜಮಖಾನ ಹಾಸಿದ ಜಾಣ ಯಾರು? ನಾನೇ. ಮೈಯ ಕರೆಂಟನ್ನು ಇಳಿಸಿ ನಿಮ್ಮ ತಾಮ್ರಕ್ಕೆ ಮುಟ್ಟಿಸಲೆಂದೇ ನೀವು ಹಾಕಿಸಿದ ಟೈಲ್ಸನ್ನು ನಾನು ಮುಚ್ಚಿದ್ದೆ. ಮೇಲೆ ಏಸಿಯ ಒಣ ಗಾಳಿ. ನಡೆದವರೆಲ್ಲ ಕಾಲಲ್ಲಿ ಕಿಡಿ ಕಟ್ಟಿಕೊಂಡು ಸರ್ವರಿಗೆ ಕೊಟ್ಟು ಬರುತ್ತಿದ್ದರು. ಒಣ ಹವೆಯಲ್ಲಿ ಪಾಲಿಸ್ಟರ್ ನೂಲು ಮೈಗೆ ಅಂಟುತ್ತದೆ, ಶೆಡ್ಡಿನಲ್ಲಿ ಪಸೆ ಇರಲಿ ಎಂದು ನೀವು ಎಷ್ಟು ಸಲ ಹೇಳಿರಲಿಲ್ಲ? ಅದು ಮಗ್ಗದ ಮಾತು, ಕಂಪ್ಯೂಟರಿಗಲ್ಲ ಎಂದುಕೊಂಡಿದ್ದೆ.

ಜಮಖಾನ ಹಾಸಿದ್ದು ಯಾರೆಂದು ಸಾವಕಾರರಿಗೆ ನೆನಪಿರಲಿಲ್ಲ. ಸುಮ್ಮನೆ ಸುತ್ತಿ ಹೊರಗಿಟ್ಟು ಮೋಹಿತೆಯ ಕಡೆ ಕೈ ತೋರಿಸಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಕೈಬೆರಳ ತುಂಬ ನಿಮ್ಮ ಗುಂಡಿಯ ಇದ್ದಿಲು. "ಹಾಸಿದಾಂವ ನಾನ ರೀ," ಎಂದೆ. "ಕಾಕಾನ ಕೆಲಸದಾಗ ಒಂದ ಎಳಿ ಸೈತ ತಪ್ಪಿಲ್ಲ."

"ಅವತ್ತ ಅದನ್ನ ಹಾಸಿದಾಗ ಶಾಣ್ಯಾ ಅಂತ ನಿನಗ ಚಹಾ ಕುಡಿಸಿದ್ನೆಲ್ಲೊ," ಎಂದರು ಸಾವಕಾರರು, ಈಗ ನೆನಪಾಗಿ. ನಗಲಿಲ್ಲ.

ಅದೇ ದಿನ ಜಮಖಾನ, ಪಾಲಿಸ್ಟರ್ ಎಲ್ಲ ಕಿತ್ತೆ. ಫ್ಯಾನಿನ ಜಾಳಿಗೆ ಬಿಚ್ಚಿದರೆ ಒಳಗೆ ಮಗ್ಗದ ಹತ್ತಿ ಎಳೆ ತಲೆದಿಂಬಿನಂತೆ ಗಿಡಿದಿತ್ತು. ತೆಗೆದ ಕೂಡಲೇ ಸದ್ದು ಅರ್ಧಕ್ಕೆ ಇಳಿಯಿತು. ಬಾಗಿಲ ಸಂದಿಗೆ ರಬ್ಬರ್ ಹಚ್ಚಿ, ಕ್ಲರ್ಕುಗಳ ಮೇಜನ್ನು ಎದುರು ಗೋಡೆಗೆ ಸರಿಸಿದೆ. ಏಸಿಯ ಹತ್ತಿರ ಗಾಳಿಗೆ ಪಸೆ ಕೊಡುವ ಯಂತ್ರ ಇಡಿಸಿದೆ. ಅಂದಿನಿಂದ ಸರ್ವರ್ ನಿಂತಿಲ್ಲ.

ಆ ಕೋಣೆಯ ಕೆಲಸ ಈಗ ನನ್ನದಲ್ಲ. ಗೋಕುಳ ಶಿರಗಾಂವದ ಹೊಸಬನೊಬ್ಬನಿಗೆ ಹೋಗಿದೆ. ನಿಮ್ಮ ಕೆಲಸವನ್ನು ಮಾತ್ರ ಯಾರೂ ಕೀಳಲಿಲ್ಲ. ಕೀಲಿ ಒಪ್ಪಿಸುವಾಗ ಹೊಸಬ ಗುಂಡಿಯ ಮುಚ್ಚಳವನ್ನು ಬೂಟಿನಿಂದ ತಟ್ಟಿ, "ಒಳಗ ತಾಮ್ರ ಅದನೋ, ಬರೇ ಮಾತೋ?" ಎಂದು ಕೇಳಿದ. "ಅದ. ನಾ ಕಣ್ಣಲೆ ನೋಡೇನಿ," ಎಂದೆ. ಯಾಕೆ ನೋಡಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ನಿಮಗೊಬ್ಬರಿಗೆ ಹೇಳಿದ್ದೇನೆ, ಕಾಕಾ.

ನಿಮ್ಮ
ಬಾಳಪ್ಪ