ಮೊಯ್ದೀನಾಕನ ಕೋಣೆಯ ಸ್ಕ್ಯಾನ್

ಜನವರಿ 14, ಮಂಗಳವಾರ
ಆರೂವರೆಗೆ ಮಿರ್ದಿಫ್‌ನ ಮನೆ ಬಿಟ್ಟೆ. ಟ್ರೈಪಾಡಿನ ಒಂದು ಕಾಲು ಮತ್ತೆ ಸಡಿಲ — ಟೇಪ್ ಸುತ್ತಿದೆ. ಕ್ರೀಕ್ ಎಂಬ ಕಡಲ ಹಿನ್ನೀರಿನ ಪಕ್ಕದ ಹಳೆಯ ಅರಬ್ ವ್ಯಾಪಾರಿಯ ಮನೆ, ಕೆಲಸದ ಎರಡನೇ ದಿನ. ಹವಳಕಲ್ಲಿನ ಗೋಡೆ, ಮೇಲೆ ಗಾಳಿಯನ್ನು ಒಳಗಿಳಿಸುವ ಗೋಪುರ. ರಿಪೇರಿ ಶುರುವಾಗುವ ಮೊದಲು ಇಡೀ ಮನೆಯನ್ನು ತ್ರೀಡಿ ಸ್ಕ್ಯಾನರಿನಲ್ಲಿ ಹಿಡಿದಿಡಬೇಕು, ಒಂದು ಬಿರುಕೂ ಬಿಡದೆ.

ಮನೆ ಕಾಯುವವರು ಉಳ್ಳಾಲದ ಮೊಯ್ದೀನ್ ಬ್ಯಾರಿ. ಇಪ್ಪತ್ತೇಳು ವರ್ಷ ಇಲ್ಲೇ. ನಾನು ಉಡುಪಿಯವಳು ಅಂತ ಗೊತ್ತಾದದ್ದೇ ತಡ — "ಅಯ್ಯೋ, ಮೊದಲೇ ಹೇಳ್ಬಾರ್ದಾ ಮಗಾ! ನಿನ್ನೆಯಿಂದ ಹಿಂದಿ ಮಾತಾಡಿ ನಾಲಿಗೆ ಬಿದ್ದುಹೋಯ್ತು!" ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟರು. ಆಮೇಲೆ ಅವರು ನನಗೆ ಮೊಯ್ದೀನಾಕ.

ಮಧ್ಯಾಹ್ನ ರಿಪೇರಿಯ ನಕ್ಷೆ ನೋಡಿದೆ. ಅಂಗಳದ ಮೂಲೆಯ ಅವರ ಕೋಣೆಯ ಮೇಲೆ ಕೆಂಪು ಗೆರೆ — ಆಮೇಲೆ ಕಟ್ಟಿದ್ದು, ತೆಗೆಯಬೇಕು. ಬರುವ ವಾರ ಗುರುವಾರ ಒಡೆಯುತ್ತಾರೆ. ಸ್ಕ್ಯಾನ್ ಪಟ್ಟಿಯಲ್ಲೂ ಇಲ್ಲ. ಮರುದಿನ ಮೊಯ್ದೀನಾಕ ಊರಿಗೆ, ಖಲಾಸ್. ಹೆಂಡತಿ ಮೈಮೂನ ಒಂದು ಸಲವೂ ಇಲ್ಲಿಗೆ ಬಂದವರಲ್ಲ. ಗಂಡ ಬದುಕಿದ ಜಾಗ ಆಕೆ ನೋಡುವ ಮೊದಲೇ ಮಣ್ಣಾಗಬೇಕಾ? ನಾನಿರುವಾಗ ಆಗಲಿಕ್ಕಿಲ್ಲ.

ಜನವರಿ 15, ಬುಧವಾರ
ಅಬುಧಾಬಿಗೆ ಫೋನ್, ಆ ಕೋಣೆಯನ್ನೂ ಸ್ಕ್ಯಾನ್ ಮಾಡ್ಲಾ ಅಂತ. ಬಾಸ್ ಕ್ಲೈವ್, ಅಲ್ ರೀಮ್ ಐಲ್ಯಾಂಡಿನ ಎಸಿಯಲ್ಲಿ ಕೂತು, ಇಂಗ್ಲಿಷಿನಲ್ಲಿ — "ಅದು ಹೆರಿಟೇಜ್ ಅಲ್ಲ ಮಾರಾಯ್ತಿ, ಸಿಮೆಂಟ್ ಬ್ಲಾಕ್."
"ಎಷ್ಟು ವರ್ಷ ಆದ್ರೆ ಹೆರಿಟೇಜ್? ಹೇಳಿ, ಬರ್ಕೊಳ್ತೇನೆ."
"ಅಮಿತಾ, ಲಂಚ್ ಟೈಮಲ್ಲಿ ಎಂತ ಬೇಕಾದ್ರೂ ಮಾಡು. ನನಗೆ ಹೇಳ್ಬೇಡ."
ಪಾಪ, ಒಳ್ಳೆಯವನೇ.

"ಯಲ್ಲಾ, ತಯಾರಾಗಿ! ನಾಳೆ ನಿಮ್ಮ ರೂಮ್ ಸ್ಕ್ಯಾನ್, ಮೈಮೂನಕ್ಕನಿಗೆ ಕಳಿಸ್ಲಿಕ್ಕೆ!" ಅಂದರೆ ಮೊಯ್ದೀನಾಕನ ಮುಖ ಸಣ್ಣದಾಯಿತು. "ಅದೆಂತಕ್ಕೆ ಮಗಾ? ಅತಿಥಿಗಳು ಕೂರುವ ದೊಡ್ಡ ಮಜ್ಲಿಸ್ ಉಂಟಲ್ಲ, ಅದನ್ನೇ ಮೈಮೂನಂಗೆ ಕಳಿಸು. ಚಂದ ಉಂಟು." ಸಂಕೋಚದ ಮನುಷ್ಯ. ನಾನು ಬಿಡುತ್ತೇನಾ!

ಜನವರಿ 16, ಗುರುವಾರ
ಹೋಗಿ ನೋಡಿದರೆ — ಕೋಣೆ ಖಾಲಿ! ಮಂಚ, ಟ್ರಂಕು, ಸ್ಟವ್, ಲುಂಗಿಗಳು, ಎಲ್ಲ ಅಂಗಳದಲ್ಲಿ. ನೆಲ ತೊಳೆದು ಬಖೂರ್ ಧೂಪದ ಹೊಗೆ ಬೇರೆ ಹಾಕಿದ್ದಾರೆ. "ಫೋಟೋ ತೆಗೀಲಿಕ್ಕೆ ಬರುವಾಗ ಚೊಕ್ಕ ಬೇಡ್ವಾ?"

ನಕ್ಕು ನಕ್ಕು ಸಾಕಾಯಿತು. ಆಮೇಲೆ ಬೈದೆ. "ಖಾಲಿ ಗೋಡೆ ನೋಡಿ ಮೈಮೂನಕ್ಕ ಎಂತ ಮಾಡುವುದು ಮಾರಾಯ್ರೆ? ದಿನಾ ಹೇಗಿರ್ತದೋ ಹಾಗೇ ಇಡಿ."

ಇಟ್ಟರು. ನಿಧಾನವಾಗಿ, ಒಂದೊಂದೇ. ಮಂಚ ಬಂದ ಮೇಲೆ ಬಾಗಿಲು ಅರ್ಧವೇ ತೆರೆಯುವುದು. ಸ್ಟವ್ ಮಂಚದ ಕಾಲ ಬುಡದಲ್ಲಿ. ಟ್ರೈಪಾಡಿಗೆ ಜಾಗವೇ ಇಲ್ಲ, ಟ್ರಂಕಿನ ಮೇಲೆ ಸ್ಕ್ಯಾನರ್ ಕೂರಿಸಿದೆ. ಸ್ಕ್ಯಾನಿನಲ್ಲಿ ಎಲ್ಲ ಬಂತು, ಉಪ್ಪಿನಕಾಯಿ ಬಾಟಲಿಯ ಮುಚ್ಚಳದವರೆಗೆ. ಎಷ್ಟು ಖುಷಿ ನನಗೆ!

ಜನವರಿ 22, ಬುಧವಾರ
ಐದು ದಿನ ಬರೆದಿಲ್ಲ. ಸ್ಕ್ಯಾನ್‌ಗಳನ್ನು ಜೋಡಿಸುವುದರಲ್ಲೇ ಕಣ್ಣು ಹೋಯಿತು. ಮೊಯ್ದೀನಾಕ ಮೈಮೂನಕ್ಕನ ನಂಬರ್ ಕೊಟ್ಟರು. "ಮಜ್ಲಿಸ್ ಮಾತ್ರ ಸಾಕು ಮಗಾ" — ಎರಡು ಸಲ ಹೇಳಿದರು. ಹೂಂ ಅಂದು ಮಜ್ಲಿಸ್, ಕೋಣೆ ಎರಡರ ಲಿಂಕನ್ನೂ ಆಕೆಗೆ ಕಳಿಸಿದೆ. ಮೊಬೈಲಿನಲ್ಲಿ ಬೆರಳಾಡಿಸಿದರೆ ಒಳಗೇ ನಡೆದ ಹಾಗೆ. ಸರ್‌ಪ್ರೈಸ್!

ಜನವರಿ 23, ಗುರುವಾರ
ಎಂಟಕ್ಕೆ ಕೋಣೆ ಒಡೆದರು. ಇಪ್ಪತ್ತು ನಿಮಿಷ ಸಾಕಾಯಿತು. ಮೊಯ್ದೀನಾಕ ಆಚೆ ಮುಖ ಮಾಡಿ ಟ್ರಂಕಿನ ಮೇಲೆ ಕೂತಿದ್ದರು.

ಹತ್ತಕ್ಕೆ ಮೈಮೂನಕ್ಕನ ಫೋನ್. "ಅಮಿತಾ ಅಲ್ವಾ? ಆ ಸಣ್ಣ ಕೋಣೆ ಯಾರದ್ದು?"
"ಮೊಯ್ದೀನಾಕನದ್ದೇ!"
"ಇವರು ಮಲಗುವುದು ಆ ದೊಡ್ಡದರಲ್ಲಿ ಅಲ್ವಾ? ಯಾವಾಗ್ಲೂ ಅಲ್ಲಿಂದ್ಲೇ ವಿಡಿಯೋ ಕಾಲ್ ಮಾಡುವುದು... ಮಕ್ಕಳಿಗೂ ಅದನ್ನೇ ತೋರಿಸಿದ್ದು..."

ಎಂಥ ಕೆಲಸ ಮಾಡಿಬಿಟ್ಟೆ! ಮಜ್ಲಿಸ್ ಸಾಕು ಅಂದದ್ದು ಇದಕ್ಕೆ. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಕಳಿಸಿದ್ದೇನೆ.

ಫೋನನ್ನು ಮೊಯ್ದೀನಾಕನಿಗೇ ಕೊಟ್ಟೆ. ಬ್ಯಾರಿ ಭಾಷೆಯಲ್ಲಿ ಆಕೆಯದ್ದೇ ಮಾತು. ಇವರದ್ದು ಬರೀ ಹೂಂ.

"ಎಂತ ಹೇಳಿದ್ರು?" ಹೆದರಿ ಹೆದರಿ ಕೇಳಿದೆ.
"ಬೈದ್ಲು. ಇನ್ನೂ ಬೈಯ್ಲಿಕ್ಕೆ ಉಂಟಂತೆ, ನಾಳೆ ಏರ್‌ಪೋರ್ಟಿಗೇ ಬರ್ತಾಳಂತೆ." ಫೋನ್ ವಾಪಸ್ ಕೊಟ್ಟರು. "ಊರಲ್ಲಿ ನೆಂಟರ ರೂಮ್ ಉಂಟು, ನಾಲ್ಕು ಕಿಟಕಿಯದ್ದು. ಸ್ಕ್ಯಾನಿನಲ್ಲಿ ನನ್ನ ಲುಂಗಿ ನೋಡಿಯೇ ಸಂಶಯ ಬಂದು, ಬೆಳಿಗ್ಗೆಯೇ ಅಲ್ಲಿ ನನಗೆ ಮಂಚ ಹಾಕ್ಸಿದ್ದಾಳೆ. ಇನ್ನು ನೆಂಟರು ಬಂದ್ರೆ ಚಾವಡಿಯಲ್ಲಿ ಮಲಗ್ಲಿ, ಅಂದ್ಲು."

ನಗಲು ಹೋದರು. ಆಗಲಿಲ್ಲ. ನಾನೂ ಟ್ರಂಕಿನ ಮೇಲೆ ಪಕ್ಕದಲ್ಲೇ ಕೂತು, "ತಪ್ಪಾಯ್ತು ಮೊಯ್ದೀನಾಕ. ಆ ನಾಲ್ಕು ಕಿಟಕಿಯ ರೂಮಿನ ಫೋಟೋ ನನಗೂ ಕಳಿಸಿ" ಅಂದೆ.