ಎಚ್ಚರಿಕೆಯ ನಾಲ್ಕು ಸಾಲು

ನವೆಂಬರ್ 4, ಸೋಮವಾರ, ಸಂಜೆ 5

ಸ್ಟಾಫ್ ರೂಮಿನ ಕಂಪ್ಯೂಟರ್ ಇವತ್ತೂ ಎರಡು ಸಲ ಕೈಕೊಟ್ಟಿತು. ಶುಕ್ರವಾರ ನಾಲ್ಕನೇ ತರಗತಿಗೆ ಅನಿಲಗಳ ಪಾಠ. ಏಳು ವೆಬ್‌ಸೈಟ್ ಜಾಲಾಡಿದೆ. ಒಂದರ ತುಂಬ ಜಾಹೀರಾತು, ಇನ್ನೊಂದರಲ್ಲಿ ಕೇಳಿದ್ದು ನಾವು ಕಣ್ಣಲ್ಲಿ ಕಂಡಿರದ ಸಾಮಾನು. ಕೊನೆಗೆ ಒಂದು ವರ್ಕ್‌ಶೀಟ್ ಸಿಕ್ಕಿತು, ಎಲ್ಲಿಯದೋ ಟೀಚರ್ ಒಬ್ಬಳು ಮಾಡಿದ್ದು. ಬಾಟಲಿಯಲ್ಲಿ ವಿನೆಗರ್, ಬಲೂನಿನಲ್ಲಿ ಅಡಿಗೆ ಸೋಡಾ. ಬಲೂನನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಎತ್ತಿದರೆ ಸೋಡಾ ಒಳಗೆ ಬೀಳುತ್ತದೆ, ಬಲೂನ್ ತಾನಾಗಿ ಉಬ್ಬುತ್ತದೆ. ಯಾರಾದರೂ ಬಳಸಿ, ಬೇಕಾದಂತೆ ಬದಲಾಯಿಸಿಕೊಳ್ಳಿ ಎಂದು ಕೆಳಗೆ ಬರೆದಿದ್ದಳು. ಪುಣ್ಯಾತ್ಗಿತ್ತಿ!

ವಿನೆಗರ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ನಿಂಬೆರಸ ಎಂದು ತಿದ್ದಿದೆ.

ನವೆಂಬರ್ 6, ಬುಧವಾರ

ಆ ಇಂಗ್ಲಿಷ್ ವರ್ಕ್‌ಶೀಟನ್ನು ಕನ್ನಡಕ್ಕೆ ತಂದದ್ದಾಯಿತು. ಆದರೆ ಎರಡು ಪುಟ. ಹೆಡ್‌ಮೇಡಂ ಒಪ್ಪಲಿಲ್ಲ. "ಮಗುವಿಗೆ ಒಂದೇ ಹಾಳೆ ಮಿಸ್, ಅದೂ ಒಂದೇ ಮಗ್ಗುಲು. ಆ ಜೆರಾಕ್ಸ್ ಮಿಷನ್ ಈಗಲೋ ಆಗಲೋ ಅಂತಿದೆ."

ಅಕ್ಷರ ಚಿಕ್ಕದು ಮಾಡಿದೆ. ಚಿತ್ರ ಕುಗ್ಗಿಸಿದೆ. ಇನ್ನೂ ಎರಡು ಸಾಲು ಹೆಚ್ಚು. ಕೆಳಗೆ ಕೆಂಪು ಚೌಕದಲ್ಲಿ ನಾಲ್ಕು ಸಾಲಿನ ಎಚ್ಚರಿಕೆ ಇತ್ತು: 'ಬಾಟಲಿಯನ್ನು ಮುಚ್ಚಳದಿಂದ ಎಂದೂ ಬಿಗಿಯಬೇಡಿ, ಒಡೆಯಬಹುದು, ದೊಡ್ಡವರು ಜೊತೆಗಿರಲಿ…' ತೆಗೆದೆ. ಕ್ಲಾಸಿನಲ್ಲಿ ನಾನೇ ಇರುತ್ತೇನಲ್ಲ. ಆ ಜಾಗದಲ್ಲಿ 'ರಚನೆ' ಎಂದು ಹಾಕಿ ನನ್ನ ಹೆಸರು ಬರೆದೆ. 'ಮನೆಯಲ್ಲೂ ಮಾಡಿ ನೋಡಿ' — ಅದನ್ನೂ ಸೇರಿಸಿದೆ. ಇಷ್ಟಕ್ಕೆಲ್ಲ ಜಾಗ ಸಿಕ್ಕಿತು.

ರಾತ್ರಿ ಮನೆಯಲ್ಲಿ ಯಜಮಾನರು ನೋಡಿ, "ಪರವಾಗಿಲ್ವೇ, ನೀನೇ ಮಾಡಿದ್ದಾ?" ಎಂದರು.

ಹೂಂ ಎಂದೆ.

ನವೆಂಬರ್ 8, ಶುಕ್ರವಾರ

ಮೂವತ್ತೊಂದು ಮಕ್ಕಳು ಒಟ್ಟಿಗೆ 'ಹೋ' ಎಂದವು. ಪಕ್ಕದ ಕ್ಲಾಸಿನವರು ಬಂದು ಇಣುಕಿದರು. ಹನ್ನೆರಡು ವರ್ಷದ ನೌಕರಿಯಲ್ಲಿ ಇಂಥ ಪೀರಿಯಡ್ ಕೈಬೆರಳೆಣಿಕೆ.

ಲಾಯರಮ್ಮ ಮಾತ್ರ ಬಿಡಲಿಲ್ಲ. ಮಾತಿಗೆ ಮಾತು ಜೋಡಿಸುತ್ತಾಳೆಂದು ಕ್ಲಾಸೇ ಇಟ್ಟ ಹೆಸರು. "ಬಲೂನ್ ಇಲ್ದೇ ಮುಚ್ಚಳ ಹಾಕಿದ್ರೆ ಗಾಳಿ ಎಲ್ಲಿಗೆ ಹೋಗುತ್ತೆ ಮಿಸ್?"

ಬೆಲ್ ಹೊಡೆದಿತ್ತು. ಬಾಟಲಿಗಳನ್ನು ತೊಳೆಯಬೇಕಿತ್ತು.

"ನೀನೇ ಮಾಡಿ ನೋಡು" ಎಂದೆ.

ನವೆಂಬರ್ 11, ಸೋಮವಾರ, ಬೆಳಿಗ್ಗೆ 11

ಲಾಯರಮ್ಮ ಬಂದಿಲ್ಲ. ಅವಳ ತಾಯಿ ಆಸ್ಪತ್ರೆಯಿಂದ ಫೋನ್ ಮಾಡಿದರು. ಮನೆಯಲ್ಲೇ ಹೊಲಿಗೆ ಮಾಡುವ ಟೈಲರ್, ತಾಯಿ–ಮಗಳು ಇಬ್ಬರೇ. ನಿನ್ನೆ ಆಕೆ ಬಟ್ಟೆ ಕೊಡಲು ಹೋಗಿದ್ದಾಗ ಇವಳು ಗಾಜಿನ ಸಾಸ್ ಬಾಟಲಿಗೆ ನಿಂಬೆರಸ, ಸೋಡಾ ಹಾಕಿ ಮುಚ್ಚಳ ಬಿಗಿದಿದ್ದಾಳೆ. ಬಾಟಲಿ ಸಿಡಿದಿದೆ. ಚೂರು ಬಲಗಣ್ಣಿಗೆ. ರೆಪ್ಪೆಗೆ ಮೂರು ಹೊಲಿಗೆ. ದೃಷ್ಟಿಯ ವಿಷಯ ಪಟ್ಟಿ ಬಿಚ್ಚಿದ ಮೇಲೆಯೇ ಹೇಳಬೇಕಂತೆ.

"ನಿಮ್ಮ ತಪ್ಪೇನಿಲ್ಲ ಮಿಸ್. ಹೇಳಿದ್ದು ಬಿಟ್ಟು ಇನ್ನೊಂದು ಮಾಡೋದೇ ಇವಳ ಚಾಳಿ."

ಫೋನ್ ಇಟ್ಟವಳೇ ಕ್ಲಾಸಿಗೆ ಹೋಗಿ, ತಿದ್ದಬೇಕು ಎಂದು ಎಲ್ಲ ಮಕ್ಕಳ ಹಾಳೆ ವಾಪಸ್ ತೆಗೆದುಕೊಂಡೆ.

ಅದೇ ದಿನ, 3.30

ಹೆಡ್‌ಮೇಡಂ ಕರೆಸಿದರು. "ಶೀಟಲ್ಲಿ ಎಚ್ಚರಿಕೆ ಇತ್ತು ತಾನೇ?"

"ಇತ್ತು."

"ಸದ್ಯ! ಒಂದು ಕಾಪಿ ಕೊಡಿ, ಫೈಲಲ್ಲಿರಲಿ."

ಕಂಪ್ಯೂಟರ್ ಮುಂದೆ ಕೂತೆ. ನನ್ನ ಹೆಸರು, 'ಮನೆಯಲ್ಲೂ ಮಾಡಿ ನೋಡಿ' ಎರಡನ್ನೂ ಅಳಿಸಿದೆ. ಚಿತ್ರ ಇನ್ನಷ್ಟು ಕುಗ್ಗಿಸಿ ಆ ನಾಲ್ಕು ಸಾಲನ್ನು ವಾಪಸ್ ಹಾಕಿದೆ. ಪ್ರಿಂಟ್ ಕೊಟ್ಟೆ. ಹಾಳೆ ಬೆಚ್ಚಗಿತ್ತು. ಮೇಡಂ ಓದಿ, ನಿಟ್ಟುಸಿರು ಬಿಟ್ಟು, ಸಹಿ ಹಾಕಿದರು.

ನವೆಂಬರ್ 12

ಇವತ್ತು ಬೇಡ.

ನವೆಂಬರ್ 19, ಮಂಗಳವಾರ, ಸಂಜೆ 6

ಲಾಯರಮ್ಮನ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಅರ್ಧ ಜಾಗ ಹೊಲಿಗೆ ಮಿಷನ್ನಿಗೆ. ಹುಡುಗಿ ಗೋಡೆಗೊರಗಿ ಕೂತಿದ್ದಳು, ಕಣ್ಣಿಗೆ ಬಿಳಿ ಪಟ್ಟಿ.

"ಹೆಡ್‌ಮೇಡಂ ನಂಗೆ ಆ ಹಾಳೆ ತೋರಿಸಿದ್ರು ಮಿಸ್" ಎಂದರು ತಾಯಿ. "ಎಷ್ಟು ದಪ್ಪಕ್ಷರದಲ್ಲಿ ಬರೆದಿದೀರ! ಇವಳು ನೋಡಿದ್ರೆ, ಇರಲೇ ಇಲ್ಲ ಅಂತ ಸಾಧಿಸ್ತಾಳೆ. ಇವಳ ಹಾಳೆ ಕೇಳಿದ್ರೆ, ಒದ್ದೆಯಾಯ್ತು, ಬಿಸಾಕಿದೆ ಅಂತಾಳೆ."

ಹುಡುಗಿ ತಲೆ ಎತ್ತಲಿಲ್ಲ. ತಾಯಿ ನೀರು ತರಲು ಹೋದಾಗ ಮೆಲ್ಲಗೆ ಕೇಳಿದಳು, "ಮಿಸ್, ನಾನು ಮೂರು ಸಲ ಓದಿದ್ದೆ. ಆ ಸಾಲು ಕಾಣಿಸ್ಲೇ ಇಲ್ಲ. ಮೊದಲಿಂದಾನೇ ನನ್ನ ಕಣ್ಣು ಸರಿ ಇರಲಿಲ್ವಾ?"

ನೀರು ಬಂತು. ಕುಡಿದೆ. ಹಣ್ಣಿನ ಚೀಲ ಇಟ್ಟು ಎದ್ದು ಬಂದೆ.

ನವೆಂಬರ್ 21, ಗುರುವಾರ

ಊಟ ಸೇರುತ್ತಿಲ್ಲ. ಯಜಮಾನರಿಗೆ ಎಲ್ಲ ಹೇಳಿದೆ.

"ಈಗ ಯಾರಿಗೂ ಗೊತ್ತಿಲ್ವಲ್ಲ" ಎಂದರು.

"ಮಗು ತನ್ನ ಕಣ್ಣನ್ನೇ ನಂಬ್ತಿಲ್ಲ."

"ಕೆಲಸ ಹೋದ್ರೆ?"

ಇಬ್ಬರೂ ತಟ್ಟೆಯಲ್ಲೇ ಕೈ ತೊಳೆದೆವು.

ನವೆಂಬರ್ 22, ಶುಕ್ರವಾರ, ಮಧ್ಯಾಹ್ನ

ಹೆಡ್‌ಮೇಡಂಗೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವರು ಫೈಲ್ ತೆರೆದು ಆ ಹಾಳೆಯನ್ನೇ ನೋಡುತ್ತಿದ್ದರು.

"ನನ್ನ ಸಹಿ ಇದೆಯಲ್ರೀ ಇದರ ಮೇಲೆ."

"ಗೊತ್ತು ಮೇಡಂ. ತಾಯಿಗೂ ಹೇಳ್ತೀನಿ."

"ಸ್ಕೂಲಿನ ಗತಿ?" ಎಂದರು. ಫೈಲ್ ಮುಚ್ಚಿ, ದನಿ ತಗ್ಗಿಸಿ, "ಒಂದೇ ಮಗ್ಗುಲು ಅಂದಿದ್ದು ನಾನೇ, ಅಲ್ವಾ…"

"ಬೇರೆ ಏನಾದರೂ ತೆಗೀಬಹುದಿತ್ತು ಮೇಡಂ."

ಬಿಳಿ ಹಾಳೆ ಮುಂದೆ ತಳ್ಳಿದರು. ನಡೆದದ್ದೆಲ್ಲ ಬರೆದುಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಕ್ಲಾಸ್ ಇಲ್ಲ.

ನವೆಂಬರ್ 25, ಸೋಮವಾರ, 4.40

ಬೆಳಿಗ್ಗೆ ಪಟ್ಟಿ ಬಿಚ್ಚಿದರಂತೆ. ಕಣ್ಣು ಉಳಿದಿದೆ. ದೂರದ್ದು ಸ್ವಲ್ಪ ಮಸುಕು, ಕನ್ನಡಕ ಬೇಕಾಗುತ್ತದೆ. ತಾಯಿ ಮಿಷನ್ ತುಳಿಯುತ್ತಲೇ ಖುಷಿಯಿಂದ ಹೇಳಿದರು.

ಆಮೇಲೆ ನಾನು ಹೇಳಿದೆ. ಮಿಷನ್ ನಿಂತಿತು.

"ಹದಿನೈದು ದಿನದಿಂದ ಬೈತಿದೀನಿ ಮಿಸ್ ಅವಳನ್ನ. ಸುಳ್ಳಿ ಅಂತ. ಒಂದಿನ ಹೊಡೆದೆ, ಆ ಪಟ್ಟಿ ಇದ್ದಾಗಲೇ."

"ನಂದೇ ತಪ್ಪು…"

"ನಂಗೆ ಹೇಳ್ಬೇಡಿ. ಅವಳಿಗೆ ಹೇಳಿ."

ಹಿತ್ತಿಲಲ್ಲಿದ್ದ ಮಗಳನ್ನು ಒಳಗೆ ಕರೆದರು. ಬಂದಳು. ಕಣ್ಣಿನ ಸುತ್ತ ಇನ್ನೂ ನೀಲಿ. ಅವಳ ಎತ್ತರಕ್ಕೆ ನೆಲದ ಮೇಲೆ ಕೂತೆ. "ಆ ಸಾಲು ನಿನ್ನ ಹಾಳೇಲಿ ಇರಲೇ ಇಲ್ಲ ಪುಟ್ಟಾ. ನೀನು ಸರಿಯಾಗೇ ಓದಿದ್ದೆ. ತೆಗೆದದ್ದು ನಾನು. ಆಮೇಲೆ ಇತ್ತು ಅಂತ ಸುಳ್ಳು ಹೇಳಿದ್ದೂ ನಾನೇ."

ಅವಳು ನನ್ನನ್ನು ನೋಡಲಿಲ್ಲ. ತಾಯಿಯ ಕಡೆ ತಿರುಗಿದಳು. "ನೋಡಮ್ಮ. ನಾನು ಹೇಳಿರ್ಲಿಲ್ವಾ?"

ಆ ತಾಯಿ ಮಗಳನ್ನು ಎಳೆದು ಅಪ್ಪಿಕೊಂಡು ಅತ್ತರು. ನನಗೆ ಕೂರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದೆ. ಮೂರು ಮೆಟ್ಟಿಲು ಇಳಿದಿರಬೇಕು, ಹಿಂದಿನಿಂದ "ಮಿಸ್…" ಎಂದಳು ಹುಡುಗಿ.

ನಿಂತೆ. ತಿರುಗಿ ಅವಳ ಮುಖ ನೋಡಿದೆ. "ಮುಚ್ಚಳ ಹಾಕಿದ್ರೆ ಗಾಳಿ ಎಲ್ಲಿಗೆ ಹೋಗುತ್ತೆ ಅಂತ ನೀವು ಹೇಳ್ಲೇ ಇಲ್ಲ."